ಕೊಂದದ್ದು ಯಾರನ್ನು?

1856ರ ಜನವರಿ. ಹೆಪ್ಪುಗಟ್ಟಿದ ಓಹಾಯೊ ನದಿಯ ಮೇಲೆ ನಡೆದು ಒಂದು ಗುಲಾಮ ಕುಟುಂಬ ಕೆಂಟಕಿಯಿಂದ ಸಿನ್ಸಿನಾಟಿಗೆ ತಪ್ಪಿಸಿಕೊಂಡು ಬಂತು. ನದಿಯ ಉತ್ತರ ದಡದಲ್ಲಿ ಗುಲಾಮಗಿರಿ ಇರಲಿಲ್ಲ; ಆದರೆ 1850ರ ಕಾಯ್ದೆಯಂತೆ ಓಡಿಬಂದವರನ್ನು ಅಲ್ಲಿಂದಲೂ ಹಿಡಿದೊಯ್ಯಬಹುದಿತ್ತು. ಹಿಡಿಯುವವರು ಮನೆ ಸುತ್ತುವರಿದಾಗ ಮಾರ್ಗರೆಟ್ ಗಾರ್ನರ್ ಎಂಬ ತಾಯಿ ತನ್ನ ಎರಡು ವರ್ಷದ ಮಗಳ ಕತ್ತು ಕೊಯ್ದಳು.

ವಿಚಿತ್ರವೆಂದರೆ, ಅವಳ ಪರ ವಕೀಲರೇ ಕೊಲೆ ಮೊಕದ್ದಮೆ ನಡೆಯಲೆಂದು ಹಟ ಹಿಡಿದರು. ಕೊಲೆಯೆಂದರೆ ಸತ್ತದ್ದು ಮನುಷ್ಯಜೀವ ಎಂದು ಒಪ್ಪಿದಂತೆ! ಗೆದ್ದದ್ದು ಮಾತ್ರ ಆಸ್ತಿಯ ವಾದ. ತಪ್ಪಿಸಿಕೊಂಡ ದನವನ್ನು ಒಪ್ಪಿಸುವಂತೆ ಅವಳನ್ನು ಒಡೆಯನಿಗೆ ಒಪ್ಪಿಸಿದರು. 1858ರಲ್ಲಿ ಟೈಫಾಯ್ಡ್‌ನಿಂದ ತೀರಿಕೊಂಡಳು.

ಈ ಪ್ರಕರಣದ ಹಳೆಯ ಪತ್ರಿಕಾ ವರದಿಯೇ ಟೋನಿ ಮಾರಿಸನ್ ಅವರ ‘ಬಿಲವೆಡ್’ (1987) ಕಾದಂಬರಿಗೆ ಬೀಜ. ಜೊನಾಥನ್ ಡೆಮಿ 1998ರಲ್ಲಿ ಅದನ್ನು ತೆರೆಗೆ ತಂದರು. ತಾಯಿ ಸೆತ್‌ಳ ಪಾತ್ರ ಓಪ್ರಾ ವಿನ್‌ಫ್ರೇ ಅವರದು. ಸುಮಾರು ಮೂರು ಗಂಟೆಯ ಈ ಚಿತ್ರ ಹಾಕಿದ ದುಡ್ಡನ್ನೂ ಗಳಿಸಲಿಲ್ಲ. ದೆವ್ವದ ಕಥೆಯೆಂದು ಬಂದವರಿಗೆ ಅದು ತೀರ ಭಾರವಾಗಿದ್ದಿರಬೇಕು.

ಚಿತ್ರದಲ್ಲಿ ಕೋರ್ಟಿನ ಜಾಗದಲ್ಲಿ ಕೂತು ಲೆಕ್ಕ ಕೇಳುವವಳು ಸತ್ತ ಮಗಳೇ. ಹದಿನೆಂಟು ವರ್ಷಗಳ ನಂತರ ಪ್ರಾಯದ ಹುಡುಗಿಯಾಗಿ ಮನೆ ಬಾಗಿಲಿಗೆ ಬರುತ್ತಾಳೆ. ಮೈ ಬೆಳೆದಿದೆ, ಜೊಲ್ಲು, ತೊದಲು, ಸಿಹಿಯ ಆಸೆ ಎಲ್ಲ ಕೂಸಿನವೇ. ಥ್ಯಾಂಡಿ ನ್ಯೂಟನ್ ಅಭಿನಯ ಮರೆಯುವಂಥದ್ದಲ್ಲ. ಅವಳ ಹಸಿವಿಗೆ ಎಲ್ಲವನ್ನೂ ಬಡಿಸಿ ಸೆತ್ ಸವೆಯುತ್ತಾಳೆ.

ಕೊನೆಗೊಂದು ದಿನ ಬಿಳಿಯನೊಬ್ಬ ಗಾಡಿಯಲ್ಲಿ ಬರುತ್ತಾನೆ. ಕಿರಿಮಗಳನ್ನು ಕೆಲಸಕ್ಕೆ ಕರೆದೊಯ್ಯಲು ಬಂದವನು, ಕೆಡುಕನಲ್ಲ. ಹಳೆಯ ಒಡೆಯನೇ ಬಂದನೆಂದು ಸೆತ್ ಮಂಜುಗಡ್ಡೆ ಒಡೆಯುವ ಸಲಾಕೆ ಹಿಡಿದು ಓಡುತ್ತಾಳೆ, ಈ ಸಲ ಮಕ್ಕಳ ಕಡೆಗಲ್ಲ, ಅವನ ಕಡೆಗೆ.