ಒಂದೇ ವೇಷ, ಬೇರೆ ಮನುಷ್ಯ

ಭಟ್ಕಳ, ಹೊನ್ನಾವರ, ಕುಮಟಾಗಳ ಕಡೆ ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದವರಿಗೆ ವೇಷದ ಗುರುತನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೇದಗೆ ಮುಂದಲೆ ಕಟ್ಟಿಕೊಂಡು ಬಂದವನು ತರುಣ ವೀರನೆಂಬುದು ಆತ ಬಾಯಿ ತೆರೆಯುವ ಮೊದಲೇ ತಿಳಿಯುತ್ತದೆ. ಅಭಿಮನ್ಯುವಿಗೂ ಅದೇ ವೇಷ, ಬಭ್ರುವಾಹನನಿಗೂ ಅದೇ. ಇಬ್ಬರೂ ಅರ್ಜುನನ ಮಕ್ಕಳು, ಇಬ್ಬರೂ ಶೂರರು. ಆದರೆ ಒಬ್ಬನು ಹೊರಬರುವ ದಾರಿ ತಿಳಿಯದೆಯೂ ಚಕ್ರವ್ಯೂಹವನ್ನು ಹೊಗುತ್ತಾನೆ. ಇನ್ನೊಬ್ಬನು ಯಜ್ಞದ ಕುದುರೆಯನ್ನು ಒಪ್ಪಿಸಿ ತಂದೆಯ ಪಾದಕ್ಕೆ ಎರಗಲು ಬಂದು, ತನ್ನ ಹುಟ್ಟನ್ನೇ ಹೀಯಾಳಿಸಿದ ಆ ತಂದೆಯ ಮೇಲೆ ಬಾಣ ಹೂಡುತ್ತಾನೆ. ಮೊದಲನೆಯವನ ಆವೇಶದಲ್ಲಿ ಎಳೆಯ ಉತ್ಸಾಹವಿದೆ. ಎರಡನೆಯವನದರಲ್ಲಿ ಅವಮಾನದ ಉರಿಯಿದೆ. ಇದನ್ನರಿಯದೆ ಇಬ್ಬರಿಗೂ ಒಂದೇ ಧಾಟಿಯಲ್ಲಿ ಅರ್ಥ ಹೇಳುವ ಕಲಾವಿದನು ವೇಷವನ್ನು ಕುಣಿಸುತ್ತಾನೆಯೇ ಹೊರತು ಮನುಷ್ಯನನ್ನು ತೋರಿಸುವುದಿಲ್ಲ. ಕೆರೆಮನೆ ಶಿವರಾಮ ಹೆಗಡೆ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರಂಥ ನಟರನ್ನು ಕಂಡ ಹೊನ್ನಾವರ ಸೀಮೆಯ ಪ್ರೇಕ್ಷಕರು ಇಂಥ ತಪ್ಪನ್ನು ಸುಲಭವಾಗಿ ಮನ್ನಿಸುವವರಲ್ಲ.

ಕಾದಂಬರಿಕಾರನಿಗೆ ಬಣ್ಣವೂ ಇಲ್ಲ, ಕಿರೀಟವೂ ಇಲ್ಲ, ಇರುವುದು ಮಾತೊಂದೇ. ಕುಮಟಾ ತಾಲ್ಲೂಕಿನ ಹನೇಹಳ್ಳಿಯಲ್ಲಿ 1928ರಲ್ಲಿ ಜನಿಸಿದ ಯಶವಂತ ಚಿತ್ತಾಲರ ‘ಶಿಕಾರಿ’ (1979) ಕಾದಂಬರಿಯ ನಾಗಪ್ಪನು ಮುಂಬಯಿಯ ಕಂಪನಿಯೊಂದರ ಅಧಿಕಾರಿ, ಕೆಲಸದಿಂದ ಅಮಾನತುಗೊಂಡವನು. ಅಂಥವರು ಲೋಕದಲ್ಲಿ ಅನೇಕರು. ಒಬ್ಬನು ವಕೀಲನ ಮನೆಗೆ ಓಡಿಯಾನು, ಇನ್ನೊಬ್ಬನು ಮೇಲಧಿಕಾರಿಯ ಕೈಕಾಲು ಹಿಡಿದಾನು. ನಾಗಪ್ಪನಾದರೋ ಎದುರಿಗೆ ಬಂದವರ ಒಂದೊಂದು ಮಾತನ್ನೂ ನಗೆಯನ್ನೂ ಶಂಕೆಯಿಂದ ತೂಗಿ ನೋಡುತ್ತಾನೆ. ಬಾಲ್ಯದವರೆಗೂ ಹಿಂದಿರುಗಿ ತನ್ನನ್ನೇ ಕೆದಕಿಕೊಳ್ಳುತ್ತಾನೆ. ಈ ಸ್ವಭಾವವನ್ನು ತೆಗೆದುಬಿಟ್ಟರೆ ಉಳಿಯುವುದು ಕಚೇರಿಯ ಜಗಳವೊಂದೇ.

ಚಲನಚಿತ್ರಕ್ಕೆ ಕಣ್ಣಿಗೆ ಕಾಣುವ ಮುಖ ಸುಲಭವಾಗಿ ದೊರೆಯುತ್ತದೆ. ಅದರಿಂದಲೇ ಅದು ಸೋಮಾರಿಯಾಗುವುದೂ ಉಂಟು. ಮೀನು ಮಾರುವ ಹೆಂಗಸೆಂದರೆ ಸೊಂಟಕ್ಕೆ ಕೈಯಿಟ್ಟು ಕೂಗಾಡುವವಳೆಂದು ಎಷ್ಟು ಚಿತ್ರಗಳು ತೋರಿಸಿಲ್ಲ! ಭಟ್ಕಳದ ಪೇಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತವರನ್ನು ಒಮ್ಮೆ ಗಮನಿಸಿರಿ. ಒಬ್ಬಳು ಹೇಳಿದ ದರವನ್ನು ಇಳಿಸುವುದೇ ಇಲ್ಲ. ಪಕ್ಕದವಳು ಇಳಿಸಿ, ಮೇಲೊಂದು ಬಂಗಡೆಯನ್ನೂ ಹಾಕುತ್ತಾಳೆ. ಮತ್ತೊಬ್ಬಳು ಹಳೆಯ ಬಾಕಿಯನ್ನು ಬಾಯಿಬಿಟ್ಟು ಕೇಳಲಾರದೆ ಮಕ್ಕಳ ಯೋಗಕ್ಷೇಮ ವಿಚಾರಿಸುತ್ತ ಕೂರುತ್ತಾಳೆ. ಇವರಲ್ಲೊಬ್ಬಳ ಮಗಳು ಚಿತ್ರ ನೋಡಲು ಕುಳಿತು, ತೆರೆಯ ಮೇಲೆ ತನ್ನ ತಾಯಿಯ ಬದಲು ಬರಿಯ ಒಂದು ಕೂಗನ್ನು ಕಂಡರೆ ಅವಳಿಗೆ ಆಗುವ ನೋವು ಸಣ್ಣದಲ್ಲ.

ಹೊನ್ನಾವರದಲ್ಲಿ 1954ರಲ್ಲಿ ಜನಿಸಿದ ಶಂಕರ್ ನಾಗ್ ಅವರು ಈ ಸೋಮಾರಿತನಕ್ಕೆ ಎಡೆಗೊಡಲಿಲ್ಲ. ಆರ್. ಕೆ. ನಾರಾಯಣರ ಕತೆಗಳನ್ನು ಆಧರಿಸಿ ಅವರು ನಿರ್ದೇಶಿಸಿದ, 1986ರಲ್ಲಿ ದೂರದರ್ಶನದಲ್ಲಿ ಮೂಡಿಬಂದ ‘ಮಾಲ್ಗುಡಿ ಡೇಸ್’ ಮಾಲಿಕೆಯಲ್ಲಿ ಸ್ವಾಮಿ, ಮಣಿ, ರಾಜಂ ಮೂವರೂ ಶಾಲಾ ಬಾಲಕರೇ. ಆದರೂ ಒಬ್ಬನನ್ನು ಇನ್ನೊಬ್ಬನೆಂದು ತಿಳಿಯುವಂತಿಲ್ಲ. ರಾಜಂ ಪೊಲೀಸ್ ಅಧಿಕಾರಿಯ ಮಗ, ಅಚ್ಚುಕಟ್ಟಿನವನು. ಮಣಿ ಓದಿನಲ್ಲಿ ಹಿಂದು, ದೊಣ್ಣೆಯ ಮಾತಿನಲ್ಲಿ ಮುಂದು. ಸ್ವಾಮಿಗೆ ಆಸೆಯೂ ಬಹಳ, ಅಂಜಿಕೆಯೂ ಬಹಳ. ಮೂಲ ಕಾದಂಬರಿಯ ಕೊನೆಯಲ್ಲಿ, ಮುನಿದ ರಾಜಂ ಊರು ಬಿಟ್ಟು ಹೊರಟಿದ್ದಾನೆ. ಅವನಿಗೆ ಕೊಡಲೆಂದು ಪುಸ್ತಕ ತಂದ ಸ್ವಾಮಿಗೆ ರೈಲು ನಿಲ್ದಾಣದಲ್ಲಿ ಬಾಯಿಯೇ ಬರುವುದಿಲ್ಲ. ರೈಲು ಚಲಿಸುತ್ತದೆ. ಆಗ ಆ ಪುಸ್ತಕವನ್ನು ಹಿಡಿದು ರೈಲಿನೊಡನೆ ಓಡಿ ರಾಜಂನ ಕೈಗೆ ಮುಟ್ಟಿಸುವವನು ದೊಣ್ಣೆಯ ಮಣಿ.