ಬಿದ್ದವರು ಮತ್ತೆ ಏರುವ ಬಗೆ

ಕುಣಿಗಲ್‌ನಿಂದ ಮದ್ದೂರಿನ ಕಡೆಗೆ ಹೊರಟ ಪ್ರಯಾಣಿಕನಿಗೆ ಹುಲಿಯೂರುದುರ್ಗದ ಬೆಟ್ಟ ದೂರದಿಂದಲೇ ಕಾಣಿಸಿಕೊಳ್ಳುತ್ತದೆ. ಬೋರಲು ಹಾಕಿದ ಬಟ್ಟಲಿನಂತಿರುವ ಆ ಹೆಬ್ಬಂಡೆಯ ಮೇಲೆ, ಕೆಂಪೇಗೌಡರ ಹೆಸರಿನೊಡನೆ ಬೆಸೆದುಕೊಂಡಿರುವ ಕೋಟೆಯ ಅವಶೇಷಗಳಿವೆ. ಇಲ್ಲಿಂದ ಮಾಗಡಿ, ರಾಮನಗರಗಳವರೆಗೂ ಇಂಥದೇ ಬಂಡೆಗಳ ಸೀಮೆ. ಹಿಂದಿನವರು ಬುತ್ತಿ ಕಟ್ಟಿಕೊಂಡು ಬಂದು, ಬೆಟ್ಟ ಹತ್ತಿ ಇಳಿದು ತೃಪ್ತರಾಗುತ್ತಿದ್ದರು. ಈಗಿನ ತರುಣರಿಗೆ ಅಷ್ಟು ಸಾಲದು. ಬೆಂಗಳೂರಿನ ಸುತ್ತಣ ವಿಹಾರಧಾಮಗಳಲ್ಲಿ 'ಕ್ವಾಡ್ ಬೈಕ್' ಎಂಬ ನಾಲ್ಕು ಗಾಲಿಯ ವಾಹನ ಬಾಡಿಗೆಗೆ ದೊರೆಯುತ್ತದೆ. ಕಲ್ಲು, ಮಣ್ಣು, ಕೆಸರು ಯಾವುದನ್ನೂ ಲೆಕ್ಕಿಸದೆ ನುಗ್ಗುವ ಈ ಯಂತ್ರದ ಮೇಲೆ ಕುಳಿತು ಒಂದು ಸುತ್ತು ಹೊಡೆಯಬೇಕೆಂಬ ಆಸೆ ಯಾರಿಗಿಲ್ಲ?

ನಾಲ್ಕು ಗಾಲಿಗಳಿವೆಯಲ್ಲ, ಬೀಳುವುದೆಂತು ಎಂದೇ ಎಲ್ಲರ ಎಣಿಕೆ. ಆದರೂ ಹೊಸಬರು ಬೀಳುತ್ತಾರೆ. ಗಾಯ ಕೆಲವು ವಾರಗಳಲ್ಲಿ ಮಾಯುತ್ತದೆ. ಮಾಯದೆ ಉಳಿಯುವುದು ಮನಸ್ಸಿನ ಅಂಜಿಕೆ. ಕ್ವಾಡ್ ಬೈಕನ್ನು ಇನ್ನು ಮುಟ್ಟೆನೆಂದರೆ ಯಾರಿಗೂ ನಷ್ಟವಿಲ್ಲ, ನಿಜ. ಆದರೆ ಅಂಜಿಕೆ ಅಲ್ಲಿಗೇ ನಿಲ್ಲುವುದಿಲ್ಲ. ಹಾಲಿನಲ್ಲಿ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನಂತೆ. ದಿನವೂ ಸ್ಕೂಟರಿನಲ್ಲಿ ಕಚೇರಿಗೆ ಹೋಗಿಬರುತ್ತಿದ್ದ ತರುಣಿ, ರಜೆಯ ದಿನ ಬಿದ್ದ ತರುವಾಯ ಸ್ಕೂಟರಿನ ಕೀಲಿಯನ್ನು ಮುಟ್ಟಲೂ ಹಿಂಜರಿಯುವುದುಂಟು. ಆಗ ಹೋದದ್ದು ಒಂದು ವಿನೋದವಲ್ಲ, ಅವಳ ಓಡಾಟದ ಸ್ವಾತಂತ್ರ್ಯ. ಆದ್ದರಿಂದಲೇ ಈ ವಿಷಯ ವಿಚಾರಾರ್ಹವಾದದ್ದು.

ಬಿದ್ದವರಿಗೆ ಮನೆಯಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಉಪದೇಶ ದೊರೆಯುತ್ತದೆ. 'ಇನ್ನು ಅದರ ಸುದ್ದಿಗೇ ಹೋಗಬೇಡ ಕಣಮ್ಮ' ಎನ್ನುತ್ತಾರೆ ತಾಯಿ. 'ಏಳು, ಈಗಲೇ ಮತ್ತೆ ಹತ್ತು' ಎನ್ನುತ್ತಾರೆ ಗೆಳೆಯರು. ಎರಡನೆಯದು ರಾವುತರ ಹಳೆಯ ನೀತಿ. ಹುಲಿಯೂರುದುರ್ಗವಿರುವ ಕುಣಿಗಲ್ ತಾಲ್ಲೂಕಿಗೂ ಕುದುರೆಗೂ ನಂಟು ಹಳೆಯದು. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪು ಸುಲ್ತಾನನ ಕಾಲದಲ್ಲಿ ಅಶ್ವದಳಕ್ಕೆ ಕುದುರೆಗಳನ್ನು ಸಾಕುತ್ತಿತ್ತು. ಮುಂದೆ ಪಂದ್ಯದ ಕುದುರೆಗಳಿಗೆ ಹೆಸರಾಯಿತು. ಕುದುರೆಯಿಂದ ಬಿದ್ದವನನ್ನು ತಡಮಾಡದೆ ಮತ್ತೆ ಏರಿಸಬೇಕೆಂಬ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಅದು ಅರ್ಧ ಸತ್ಯ. ಬಿದ್ದದ್ದೇಕೆಂದು ತಿಳಿಯದೆ ಮತ್ತೆ ಏರಿದವನು ಮತ್ತೆ ಹಾಗೆಯೇ ಬೀಳಬಹುದು. ಆಗ ಅಂಜಿಕೆ ಇಮ್ಮಡಿಯಾಗುತ್ತದೆ.

ಮೊದಲು ಮೈಯ ವಿಚಾರ. ಯಂತ್ರ ಮಗುಚಿದಾಗ ಹ್ಯಾಂಡಲ್ ಹೊಟ್ಟೆಗೆ ಬಡಿದರೆ ಹೊರಗೆ ಗಾಯ ಕಾಣದೆಯೂ ಒಳಗೆ ಪೆಟ್ಟಾಗಿರಬಹುದು. ಹೊಟ್ಟೆನೋವು ಹೆಚ್ಚುತ್ತಿದ್ದರೆ, ತಲೆಗೆ ಪೆಟ್ಟಾಗಿ ವಾಂತಿ, ಮಂಪರು, ಬಿಡದ ತಲೆನೋವು ಕಾಣಿಸಿಕೊಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಜಂಬ ಇಲ್ಲಿ ಸಲ್ಲದು. ವೈದ್ಯರು ಒಪ್ಪುವವರೆಗೆ ಮತ್ತೆ ಏರುವ ಮಾತೇ ಕೂಡದು.

ಇನ್ನು ಬಿದ್ದ ಕಾರಣ. ಅದು ಹೆಚ್ಚಿನ ವೇಳೆ ಹೇಡಿತನವೂ ಅಲ್ಲ, ದುರದೃಷ್ಟವೂ ಅಲ್ಲ, ಸ್ಕೂಟರಿನ ಅಭ್ಯಾಸ. ಸ್ಕೂಟರು ಓಲಿದಾಗ ಕಾಲು ತಾನಾಗಿ ನೆಲಕ್ಕೆ ಇಳಿಯುತ್ತದೆ. ಕ್ವಾಡ್ ಬೈಕಿನಲ್ಲಿ ಕಾಲು ಇಳಿಬಿಟ್ಟರೆ ಹಿಂದಿನ ಗಾಲಿ ಅದರ ಮೇಲೆಯೇ ಹರಿಯಬಹುದು. ಅಲ್ಲದೆ, ಇಂಥ ಅನೇಕ ಯಂತ್ರಗಳಲ್ಲಿ ಹಿಂದಿನ ಎರಡು ಗಾಲಿಗಳೂ ಒಂದೇ ಅಚ್ಚಿಗೆ ಬಿಗಿದು ಒಂದೇ ವೇಗದಲ್ಲಿ ತಿರುಗುತ್ತವೆ. ತಿರುವಿನಲ್ಲಿ ಹೊರಗಿನ ಗಾಲಿ ಒಳಗಿನದಕ್ಕಿಂತ ಹೆಚ್ಚು ದೂರ ಸಾಗಬೇಕಷ್ಟೆ? ಅದಕ್ಕೆ ಅವಕಾಶವಿಲ್ಲದ್ದರಿಂದ ಹ್ಯಾಂಡಲ್ ತಿರುಗಿಸಿದರೂ ವಾಹನ ನೇರವಾಗಿ ಹೋಗಲೆಳಸುತ್ತದೆ. ಸವಾರ ತನ್ನ ಮೈಭಾರವನ್ನು ತಿರುವಿನ ಒಳಮಗ್ಗುಲಿಗೆ ವಾಲಿಸಬೇಕು. ಹೊಸಬನಾದರೋ ಗಾಬರಿಯಿಂದ ಸೆಟೆದು ಕೂರುತ್ತಾನೆ. ವೇಗದ ಕೀಲಿರುವುದು ಹೆಬ್ಬೆರಳಿನ ಕೆಳಗೆ. ಗುಂಡಿಯಲ್ಲಿ ಕುಲುಕಿದಾಗ ಕೈ ಬಿಗಿಯುತ್ತದೆ, ಹೆಬ್ಬೆರಳು ಒತ್ತುತ್ತದೆ, ನಿಧಾನವಾಗಬೇಕಾದ ಯಂತ್ರ ಮುನ್ನುಗ್ಗುತ್ತದೆ. ಮಗುಚಿದರೆ ಕ್ವಿಂಟಲ್‌ಗಟ್ಟಲೆ ತೂಕ ಸವಾರನ ಮೇಲೆಯೇ ಬೀಳುತ್ತದೆ.

ಇಷ್ಟನ್ನು ತಿಳಿದವರ ಮನಸ್ಸಿನಲ್ಲಿ ಒಂದು ಬದಲಾವಣೆಯಾಗುತ್ತದೆ. 'ನನ್ನ ಕೈಲಾಗದು' ಎಂಬ ಮಾತು 'ನಾನು ಕಾಲು ಇಳಿಬಿಟ್ಟೆ' ಎಂದಾಗುತ್ತದೆ. ಮೊದಲನೆಯದಕ್ಕೆ ಮದ್ದಿಲ್ಲ. ಎರಡನೆಯದನ್ನು ತಿದ್ದಿಕೊಳ್ಳಬಹುದು.

ಮುಂದಿನದು ಅಭ್ಯಾಸದ ಹಾದಿ. 1924ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ಎಂಬಾಕೆ, ಮೊಲವನ್ನು ಕಂಡರೆ ನಡುಗುತ್ತಿದ್ದ ಪೀಟರ್ ಎಂಬ ಪುಟ್ಟ ಬಾಲಕನ ಭಯವನ್ನು ಬಿಡಿಸಿದ ಬಗೆಯನ್ನು ಪ್ರಕಟಿಸಿದಳು. ಬಾಲಕ ತನಗಿಷ್ಟವಾದ ತಿಂಡಿಯನ್ನು ತಿನ್ನುತ್ತಿರುವಾಗ ಮೊಲದ ಪಂಜರವನ್ನು ಅವನು ಸಹಿಸುವಷ್ಟು ದೂರದಲ್ಲಿ ಇರಿಸಿ, ಕ್ರಮೇಣ ಹತ್ತಿರಕ್ಕೆ ತರುತ್ತಿದ್ದಳು. ಕಡೆಗೆ ಬಾಲಕ ಮೊಲವನ್ನು ಮುದ್ದಿಸತೊಡಗಿದನು. ಜೋಸೆಫ್ ವೋಲ್ಪೆ ಎಂಬ ವೈದ್ಯನು 1958ರಲ್ಲಿ ಈ ಬಗೆಯ ಕ್ರಮವನ್ನು ವಿಸ್ತಾರವಾಗಿ ನಿರೂಪಿಸಿದನು. ಭಯದಿಂದ ಓಡಿದಷ್ಟೂ ಅದು ಬೆಳೆಯುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಸಮೀಪಿಸಿದರೆ ಕರಗುತ್ತದೆ ಎಂಬುದು ಇದರ ತಿರುಳು.

ನಮ್ಮ ತರುಣಿಗೂ ಇದೇ ಹಾದಿ. ಮೊದಲ ದಿನ ನಿಂತ ಸ್ಕೂಟರಿನ ಮೇಲೆ ಸುಮ್ಮನೆ ಕೂರಲಿ. ಎದೆಬಡಿತ ಶಾಂತವಾದ ಮೇಲಷ್ಟೇ ಇಳಿಯಲಿ. ಮರುದಿನ ಎಂಜಿನ್ ಚಾಲೂ ಮಾಡಲಿ. ಆಮೇಲೆ ಜನವಿಲ್ಲದ ಬಯಲಿನಲ್ಲಿ ಒಂದು ಸುತ್ತು, ಬಳಿಕ ಬೆಳಗಿನ ಖಾಲಿ ರಸ್ತೆ. ಕ್ವಾಡ್ ಬೈಕನ್ನೇ ಮತ್ತೆ ಏರಬೇಕೆಂದಿದ್ದರೆ ಬಲ್ಲ ತರಬೇತುದಾರನ ಜೊತೆಯಲ್ಲಿ, ಸಮತಟ್ಟಾದ ನೆಲದಲ್ಲಿ, ಹೆಲ್ಮೆಟ್, ಗಟ್ಟಿ ಬೂಟು, ಕೈಗವಸು ಧರಿಸಿ, ನಡಿಗೆಯ ವೇಗದಿಂದಲೇ ಆರಂಭಿಸಲಿ. ಒಬ್ಬರಿಗಾಗಿ ಮಾಡಿದ ಯಂತ್ರದಲ್ಲಿ ಇಬ್ಬರು ಕೂರಬಾರದು. ಹದಿನಾರು ತುಂಬದ ಮಕ್ಕಳು ಇದನ್ನು ನಡೆಸಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಎಚ್ಚರಿಕೆಯಿದೆ. ತಂದೆತಾಯಿಗಳು ಇದನ್ನು ಮರೆಯಬಾರದು.

ಇಷ್ಟೆಲ್ಲ ಮಾಡಿದರೂ ಬಿದ್ದವರು ನಿಜವಾಗಿ ಮೇಲೇಳಬಲ್ಲರೇ ಎಂದು ಕೇಳುವವರು ಬೆಂಗಳೂರಿನ ಐಶ್ವರ್ಯಾ ಪಿಸ್ಸೆಯವರನ್ನು ನೋಡಬೇಕು. ಈಕೆಯದು ಎರಡು ಗಾಲಿಯ ಮೋಟಾರ್‌ ಸೈಕಲ್. 2018ರಲ್ಲಿ ಸ್ಪೇನ್ ದೇಶದ ಬಾಜಾ ರ್‍ಯಾಲಿಯಲ್ಲಿ ಬಿದ್ದು, ಮೇದೋಜೀರಕ ಗ್ರಂಥಿಗೆ ಗಂಭೀರ ಪೆಟ್ಟು ತಿಂದರು. ಅಲ್ಲಿಗೆ ಎಲ್ಲವೂ ಮುಗಿಯಿತೆಂದುಕೊಳ್ಳಬಹುದಿತ್ತು. ಆದರೆ ಚೇತರಿಸಿಕೊಂಡು ಮತ್ತೆ ಕಣಕ್ಕಿಳಿದ ಆಕೆ 2019ರಲ್ಲಿ ಎಫ್.ಐ.ಎಂ. ಬಾಜಾಸ್ ವಿಶ್ವಕಪ್ಪಿನ ಮಹಿಳಾ ವಿಭಾಗದ ಪ್ರಶಸ್ತಿಯನ್ನು ಗೆದ್ದುಬಂದರು. ಎಲ್ಲರೂ ವಿಶ್ವಕಪ್ ಗೆಲ್ಲಬೇಕಾಗಿಲ್ಲ. ಪೆಟ್ಟು ಮಾಯುವುದಕ್ಕೆ ಬೇಕಾದ ಕಾಲವನ್ನು ಕೊಟ್ಟು, ಅನಂತರ ಹಿಂದಿರುಗಬಹುದೆಂಬುದಷ್ಟೇ ನಾವು ಕಲಿಯಬೇಕಾದ ಪಾಠ.

ತಿಂಗಳು ಕಳೆದರೂ ಅಪಘಾತದ ಕನಸುಗಳು ಬಿಡದಿದ್ದರೆ, ನಿದ್ರೆ ಕೆಟ್ಟರೆ, ವಾಹನದ ಸದ್ದಿಗೇ ಮೈ ಬೆವರಿದರೆ ಮನೋವೈದ್ಯರ ಸಲಹೆ ಪಡೆಯುವುದರಲ್ಲಿ ಸಂಕೋಚವೇನೂ ಬೇಡ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಸಂಸ್ಥೆಯಿದೆ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮನೆಯವರ ಕರ್ತವ್ಯವೂ ದೊಡ್ಡದು. 'ಅಂದೇ ಹೇಳಿದ್ದೆನಲ್ಲ' ಎಂಬ ಮಾತು ಗಾಯದ ಮೇಲೆ ಉಪ್ಪು ಸವರಿದಂತೆ. ಹುರಿದುಂಬಿಸುವ ನೆಪದಲ್ಲಿ ಗೇಲಿ ಮಾಡುವುದೂ ಅಷ್ಟೇ ಕೆಟ್ಟದ್ದು. ಬಯಲಿನಲ್ಲಿ ಅವಳು ಸುತ್ತು ಹಾಕುವಾಗ ಅಣ್ಣನೋ ಅಪ್ಪನೋ ಮೌನವಾಗಿ ಜೊತೆಗೆ ನಿಂತರೆ ಅದೇ ದೊಡ್ಡ ಉಪಕಾರ.

ಇಷ್ಟಾದ ಮೇಲೆ ಅವಳು, 'ಸ್ಕೂಟರು ಸಾಕು, ಕ್ವಾಡ್ ಬೈಕು ನನಗೆ ಬೇಡ' ಎಂದರೆ ಅದನ್ನು ಸೋಲೆಂದು ಎಣಿಸಬೇಕಾಗಿಲ್ಲ. ಭಯ ಆಡಿಸಿದ 'ಬೇಡ' ಬೇರೆ, ವಿವೇಕ ಆಡಿಸಿದ 'ಬೇಡ' ಬೇರೆ. ಏರಬಲ್ಲೆನೆಂದು ತಿಳಿದೂ ಏರದಿರುವ ಅಧಿಕಾರ ಅವಳ ಕೈಗೆ ಬಂದ ದಿನವೇ, ಬಿದ್ದಾಗ ಕಳೆದುಹೋದದ್ದು ಅವಳಿಗೆ ಮರಳಿ ದೊರೆತಂತೆ.