ಗೊರಸು ತುಳಿದ ನೆಲ

ಬ್ರಸೆಲ್ಸ್ ನಗರಕ್ಕೆ ಅಂಟಿಕೊಂಡೇ ಇದೆ ಸೋನಿಯನ್ ಕಾಡು. ಬ್ರಬಾಂಟಿನ ಡ್ಯೂಕರ ಬೇಟೆಯ ಕಾಡಾಗಿತ್ತು. ಚಕ್ರವರ್ತಿ ಐದನೇ ಚಾರ್ಲ್ಸ್ ಕೂಡ ಇಲ್ಲಿ ಬೇಟೆಯಾಡುತ್ತಿದ್ದ. ಈಗ ಉಳಿದಿರುವುದು ಸುಮಾರು 4,400 ಹೆಕ್ಟೇರ್. ಅದರ ಕೆಲವು ಭಾಗ 2017ರಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ. ಇಲ್ಲಿ ಕಡಿದ ಮರ ಎಳೆಯಲು ಈಗಲೂ ಕುದುರೆ ತರುವುದುಂಟು.

ನಾನು ಕೊಡಗಿನವಳು. ಮರ ಕಡಿಯುವ ಕೂಪಿನಲ್ಲಿ ನಾಟಾ ಎಳೆಯುತ್ತಿದ್ದ ದುಬಾರೆ ಶಿಬಿರದ ಆನೆಗಳ ಕಥೆಯನ್ನು ಅಜ್ಜನ ಬಾಯಲ್ಲಿ ಕೇಳಿ ಬೆಳೆದವಳು. ಆದರೂ ಯುರೋಪಿನ ರಾಜಧಾನಿ ಎನಿಸಿಕೊಂಡ ಬ್ರಸೆಲ್ಸ್ ಅಂಚಿನಲ್ಲಿ ಕುದುರೆ ಯಾಕೆ ಎಂಬುದು ತಿಳಿದದ್ದು ಕಾಲಡಿಯ ಮಣ್ಣಿನ ವಿಷಯ ಗೊತ್ತಾದ ಮೇಲೆ.

ಅದು ಹಿಮಯುಗದಲ್ಲಿ ಗಾಳಿ ಹೊತ್ತು ತಂದು ಸುರಿದ ನಯವಾದ ಧೂಳುಮಣ್ಣು. ಸುತ್ತಲ ಹೊಲಗಳಲ್ಲಿ ಇದನ್ನು ಶತಮಾನಗಳಿಂದ ಉತ್ತಿದ್ದಾರೆ. ಕಾಡಿನ ಬಹುಭಾಗಕ್ಕೆ ನೇಗಿಲು ತಾಕಿಯೇ ಇಲ್ಲ. ಹತ್ತು ಸಾವಿರ ವರ್ಷಕ್ಕೂ ಹಿಂದಿನ ಉಬ್ಬುತಗ್ಗು ಹಾಗೇ ಉಳಿದಿದೆ. ಕೆಳಗೆ ಗಟ್ಟಿ ಪದರವಿರುವುದರಿಂದ ಇಲ್ಲಿನ ಬೀಚ್ ಮರಗಳ ಬೇರು ಆಳಕ್ಕಿಳಿಯದೆ ಮೇಲುಮಣ್ಣಲ್ಲೇ ಹರಡುತ್ತದೆ. ನೆಲ ಒದ್ದೆಯಿದ್ದಾಗ ಭಾರಿ ಯಂತ್ರ ಹಾದರೆ ಆ ತೆಳು ಮೇಲುಮಣ್ಣೂ ಅದುಮಿಹೋಗುತ್ತದೆ. ಗಾಳಿ, ನೀರು ಒಳಗಿಳಿಯುವ ಸಂದುಗಳು ಮುಚ್ಚುತ್ತವೆ, ಬೇರಿಗೆ ಜೊತೆಯಾದ ಶಿಲೀಂಧ್ರಗಳು ಸೊರಗುತ್ತವೆ. ಅದು ಸರಿಹೋಗಲು ದಶಕಗಳು ಬೇಕು.

ಮರ ಎಳೆಯುವ ಆರ್ಡೆನ್ ತಳಿಯ ಕುದುರೆಯೂ ಹಗುರವಲ್ಲ. 700ರಿಂದ 1,000 ಕಿಲೊ ತೂಗುತ್ತದೆ. ಗೊರಸಿನಡಿ ಒತ್ತಡವೂ ಕಡಿಮೆಯೇನಲ್ಲ. ಆದರೆ ಗೊರಸು ಅಲ್ಲೊಂದು ಇಲ್ಲೊಂದು ಗುರುತು ಬಿಡುತ್ತದೆ, ಚಕ್ರ ಉದ್ದಕ್ಕೂ ಚರಂಡಿ ತೋಡುತ್ತದೆ. ಅಗಲ ದಾರಿಗಾಗಿ ಎಳೆ ಮರ ಕಡಿಯುವುದೂ ಬೇಡ. ಕುದುರೆಯವನು ಲಗಾಮನ್ನು ಸಡಿಲವಾಗಿ ಹಿಡಿದು ಮೆಲುದನಿಯಲ್ಲಿ ಹೇಳಿದರೆ ಸಾಕು, ಮರಗಳ ನಡುವೆ ತಿರುಗಿಕೊಂಡು ಬರುತ್ತದೆ. ದಿಮ್ಮಿ ಮರದ ಬುಡಕ್ಕೆ ಸಿಕ್ಕಿಕೊಂಡರೆ ಪಳಗಿದ ಕುದುರೆ ತಾನೇ ನಿಲ್ಲುತ್ತದೆ. ಅವನು ಸರಪಳಿ ಸರಿಮಾಡುವವರೆಗೆ ಕಾಯುತ್ತದೆ. ನಮ್ಮ ಮಾವುತರನ್ನು ಬಲ್ಲವರಿಗೆ ಈ ಹೊಂದಾಣಿಕೆ ಹೊಸದಲ್ಲ.

ಆದರೆ ಹಲವು ಟನ್ ತೂಗುವ ಹಳೆಯ ಬೀಚ್ ಮರ ಎಳೆಯುವುದು ಕುದುರೆಯಿಂದಾಗದು. ದೂರ ಹೆಚ್ಚಿದಂತೆ ದಣಿವೂ ಹೆಚ್ಚು, ಖರ್ಚೂ ಹೆಚ್ಚು. ಅದಕ್ಕೇ ಕೆಲಸ ಹಂಚಿಕೊಳ್ಳುವುದು ಜಾಣತನ: ಕಾಡಿನೊಳಗಿಂದ ಗೊತ್ತುಮಾಡಿದ ದಾರಿಯವರೆಗೆ ಕುದುರೆ ಎಳೆದು ತರಲಿ, ಅಲ್ಲಿಂದಾಚೆ ಯಂತ್ರ ಸಾಗಿಸಲಿ. ಗಂಟೆಯ ಕೂಲಿ ಹಿಡಿದರೆ ಕುದುರೆ ದುಬಾರಿ ಎನ್ನುವವರು ಹಾಳಾದ ಮಣ್ಣಿಗೂ ಒಂದು ಬೆಲೆ ಕಟ್ಟಿ ಲೆಕ್ಕಕ್ಕೆ ಸೇರಿಸಲಿ.